ಲಕ್ಕಸಂದ್ರದ ಅರ್ಧ ಶಟರ್ ಅಂಗಡಿ

ನಮ್ಮ ಏರಿಯಾದ ಕಾಂಡಿಮೆಂಟ್ಸ್ ಅಂಗಡಿಯ ಸಾಲದ ಪುಸ್ತಕದಲ್ಲಿ ನನ್ನ ಹೆಸರು ‘ಲ್ಯಾಪ್‌ಟಾಪ್’. ಅಪ್ಪ ಅಮ್ಮ ಇಟ್ಟ ಹೆಸರಾಗಲಿ, ಕಂಪನಿ ಕೊಟ್ಟ ಐಡಿ ಕಾರ್ಡಾಗಲಿ ಅಲ್ಲಿ ಲೆಕ್ಕಕ್ಕಿಲ್ಲ. 2025ರ ಜುಲೈನಲ್ಲಿ ಒಂದು ರಾತ್ರಿ ಹನ್ನೆರಡು ದಾಟಿದ ಮೇಲೆ, ಬೆನ್ನಿಗೆ ಬ್ಯಾಗು ಹಾಕ್ಕೊಂಡು, ಜೇಬಲ್ಲಿ ಒಂದು ರೂಪಾಯಿ ನಗದಿಲ್ಲದೆ ಹೋಗಿ ಆ ಅಂಗಡಿ ಮುಂದೆ ನಿಂತಿದ್ದೆ. ಅವತ್ತು ಬಿದ್ದ ಹೆಸರು ಅದು. ಇವತ್ತಿಗೂ ಅದೇ ನಡೀತಿದೆ.

ಲಕ್ಕಸಂದ್ರ ಗೊತ್ತಿಲ್ಲದವರಿಗೆ ಒಂದು ಮಾತು. ವಿಲ್ಸನ್ ಗಾರ್ಡನ್‌ಗೂ ಆಡುಗೋಡಿಗೂ ನಡುವೆ, ಹೊಸೂರು ರಸ್ತೆಗೆ ಅಂಟಿಕೊಂಡಿರೋ ಸಣ್ಣ ಬಡಾವಣೆ ಇದು. ಹೊಸೂರು ರಸ್ತೆಯ ಈ ತುಂಡಿಗೆ ಕಾಗದದ ಮೇಲೆ ಡಾ. ಎಂ.ಎಚ್. ಮರೀಗೌಡ ರಸ್ತೆ ಅಂತ ಹೆಸರು. ಲಾಲ್‌ಬಾಗ್ ನೋಡಿಕೊಂಡ, ತೋಟಗಾರಿಕೆಗೇ ಬದುಕು ಕೊಟ್ಟ ಮರೀಗೌಡರ ಹೆಸರು. ಆದರೆ ಆಟೋದವರಿಗೆ ಹಾಗಂದ್ರೆ ‘ಅದೆಲ್ಲಿ ಬರುತ್ತೆ ಸಾರ್’ ಅಂತಾರೆ. ‘ನಿಮ್ಹಾನ್ಸ್’ ಅಂದ್ರೆ ಸಾಕು, ಮೀಟರ್ ಮೇಲೆ ಎಷ್ಟು ಅನ್ನೋ ಮಾತು ಶುರುವಾಗುತ್ತೆ.

ಕೆಲವು ಏರಿಯಾಗಳಿಗೆ ಮಾಲ್ ಗುರುತು, ಕೆಲವಕ್ಕೆ ಕೆರೆ ಗುರುತು. ನಮ್ಮ ಕಡೆಗೆ ಆಸ್ಪತ್ರೆಗಳೇ ಗುರುತು. 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಮರುವರ್ಷ ಆ ಹೆಸರು ಪಡೆದ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಎದೆರೋಗದ ಆಸ್ಪತ್ರೆ, ಸ್ವಲ್ಪ ಆಚೆಗೆ ಹೋದರೆ ಸಂಜಯ್ ಗಾಂಧಿ ಆಸ್ಪತ್ರೆ. ಇಷ್ಟೂ ಒಂದು ರೌಂಡ್ ವಾಕಿಂಗ್ ದೂರದಲ್ಲಿವೆ. ಬೀದರ್‌ನಿಂದ ಚಾಮರಾಜನಗರದವರೆಗೆ, ಆ ಕಡೆ ಅನಂತಪುರದಿಂದಲೂ ಜನ ಇಲ್ಲಿಗೇ ಬರೋದು. ಒಬ್ಬ ರೋಗಿ ಜೊತೆ ಇಬ್ಬರು ಬರ್ತಾರೆ, ಅಟೆಂಡರ್ ಪಾಸ್ ಸಿಗೋದು ಒಬ್ಬರಿಗೆ. ಇನ್ನೊಬ್ಬರು ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಅಲ್ಲಿ, ಇಲ್ಲದಿದ್ದರೆ ಮರದ ಬುಡದಲ್ಲಿ, ಫುಟ್‌ಪಾತಿನಲ್ಲಿ, ಅಂಗಡಿ ಜಗಲಿಯಲ್ಲಿ ರಾತ್ರಿ ಕಳೀಬೇಕು. ವಿಲ್ಸನ್ ಗಾರ್ಡನ್ ವಿದ್ಯುತ್ ಚಿತಾಗಾರವೂ ದೂರವಿಲ್ಲ. ಡೇರಿ ಸರ್ಕಲ್‌ನಲ್ಲಿ ನಂದಿನಿ ಹಾಲಿನ ಡೇರಿ. ಬೆಳಗಿನ ಜಾವ ಹಾಲಿನ ಗಾಡಿಗಳ ಕ್ರೇಟು ಕಟಕಟ ಅನ್ನೋದು, ಆಂಬುಲೆನ್ಸ್ ಸೈರನ್ನು ಎರಡೂ ನಮ್ಮ ಏರಿಯಾದ ಸುಪ್ರಭಾತ. ಈ ನಡುವೆ ಗುಲಾಬಿ ಮೆಟ್ರೋ ಮಾರ್ಗದ ಸುರಂಗದ ಕೆಲಸ ಬೇರೆ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ 21 ಕಿಲೋಮೀಟರ್ ಹೋಗೋ ಆ ಮಾರ್ಗದಲ್ಲಿ ಡೇರಿ ಸರ್ಕಲ್ ಒಂದು ನಿಲ್ದಾಣ, ಲಕ್ಕಸಂದ್ರ ಇನ್ನೊಂದು. ನಾನು ಇಲ್ಲಿಗೆ ಬಂದಾಗಿನಿಂದ ಬ್ಯಾರಿಕೇಡ್ ಇಲ್ಲದ ರಸ್ತೆ ನೋಡಿದ ನೆನಪಿಲ್ಲ.

ನಾನು ತಿಪಟೂರಿನವನು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಎಂಟು ವರ್ಷ. ಕೋರಮಂಗಲದ ಆಫೀಸಿಗೆ ಹತ್ತಿರ, ಕೋರಮಂಗಲದ ಬಾಡಿಗೆ ಕೊಡೋಕಾಗಲ್ಲ, ಹಾಗಾಗಿ ಲಕ್ಕಸಂದ್ರ. ‘ಆಸ್ಪತ್ರೆ ಪಕ್ಕ ಯಾಕೋ ಮನೆ ಮಾಡಿದೆ?’ ಅಂತ ಅಮ್ಮ ಮೊದಮೊದಲು ಗೊಣಗ್ತಿದ್ದರು. ಊರಿನ ನೆಂಟರೊಬ್ಬರು ಸ್ಕ್ಯಾನಿಂಗ್‌ಗೆ ಬಂದು ನಮ್ಮ ಮನೆಯಲ್ಲೇ ಉಳಿದ ಮೇಲೆ ಆ ಮಾತು ನಿಲ್ಲಿಸಿದರು.

ಇನ್ನು ಅಂಗಡಿ. ಎಂಟಡಿ ಅಗಲ ಇದ್ದರೆ ಹೆಚ್ಚು. ಮುಂದೆ ಗಾಜಿನ ಡಬ್ಬಿಗಳಲ್ಲಿ ನಿಪ್ಪಟ್ಟು, ಕೋಡುಬಳೆ, ರಸ್ಕು. ಗಾಜಿನ ಕಪಾಟಿನಲ್ಲಿ ಖಾರಾ ಬನ್ನು, ದಿಲ್‌ಪಸಂದ್. ಒಂದು ಕಡೆ ಟೀ ಒಲೆ. ಇಷ್ಟು ಎಲ್ಲಾ ಕಡೆ ಇರೋದೇ. ಆದರೆ ತಲೆ ಎತ್ತಿ ನೋಡಿದರೆ ಈ ಅಂಗಡಿ ಯಾವ ಊರಲ್ಲಿದೆ ಅಂತ ಗೊತ್ತಾಗುತ್ತೆ. ಮೇಲೆ ತೂಗುಹಾಕಿರೋದು ಪ್ಲಾಸ್ಟಿಕ್ ಬಕೆಟ್ಟು, ಮಗ್ಗು, ಸುತ್ತಿಟ್ಟ ಚಾಪೆ, ಫ್ಲಾಸ್ಕು, ಸ್ಟೀಲ್ ತಟ್ಟೆ ಲೋಟ. ಒಂದು ದಾರದಲ್ಲಿ ಸಾಲಾಗಿ ಬಣ್ಣಬಣ್ಣದ ಉಲ್ಲನ್ ಟೋಪಿ. ಮೇ ತಿಂಗಳ ಬಿಸಿಲಿನಲ್ಲಿ ಉಲ್ಲನ್ ಟೋಪಿ ಯಾರು ತಗೋತಾರೆ ಅಂತ ಒಂದು ದಿನ ಕೇಳಿಬಿಟ್ಟೆ. ಅಣ್ಣ ಟೀ ಸೋಸ್ತಾ, ತಲೆ ಎತ್ತದೆ, ‘ಕೂದಲು ಉದುರುತ್ತಲ್ಲ ಮಾರಾಯ್ರೆ, ಕೀಮೋ ಆದ ಮೇಲೆ’ ಅಂದರು. ಆಮೇಲೆ ನಾನು ಆ ಟೋಪಿಗಳ ಬಗ್ಗೆ ಏನೂ ಕೇಳಲಿಲ್ಲ.

ಅಣ್ಣ ಬೈಂದೂರು ಕಡೆಯವರು. ಐವತ್ತರ ಆಸುಪಾಸು. ಹದಿನಾರನೇ ವಯಸ್ಸಿಗೆ ಬೆಂಗಳೂರಿಗೆ ಬಂದು, ಹೋಟೆಲ್ಲಿನಲ್ಲಿ ಲೋಟ ತೊಳೆದು, ಸಪ್ಲೈಯರ್ ಆಗಿ, ಕ್ಯಾಶಿನಲ್ಲಿ ಕೂತು, ಕೊನೆಗೆ ಸ್ವಂತದ್ದು ಅಂತ ಈ ಎಂಟಡಿ. ಗಿರಾಕಿಗಳ ಜೊತೆ ಬೆಂಗಳೂರು ಕನ್ನಡ, ಊರಿನವರು ಫೋನ್ ಮಾಡಿದರೆ ಅಪ್ಪಟ ಕುಂದಾಪ್ರ ಕನ್ನಡ. ಆ ವೇಗಕ್ಕೆ ನನಗೆ ‘ಹ್ವಾಯ್’ ಬಿಟ್ಟು ಬೇರೇನೂ ಅರ್ಥ ಆಗಲ್ಲ.

ರಾತ್ರಿ ಅಂಗಡಿ ಅಂದೆನಲ್ಲ, ಅದರ ಕಾನೂನೂ ಸ್ವಲ್ಪ ಹೇಳಬೇಕು. 2021ರ ಜನವರಿಯಲ್ಲಿ ಸರ್ಕಾರ ಇಪ್ಪತ್ತನಾಲ್ಕು ಗಂಟೆ ಅಂಗಡಿ ತೆರೆದಿಡಬಹುದು ಅಂತ ಆದೇಶ ಮಾಡಿತು. ಖುಷಿಪಟ್ಟವರು ಮುಂದಿನ ಸಾಲು ಓದಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರೋ ಅಂಗಡಿಗಳಿಗೆ ಮಾತ್ರ ಅದು. ನಮ್ಮ ಅಣ್ಣನ ಅಂಗಡಿಯಲ್ಲಿರೋದು ಎರಡೂವರೆ ಜನ. ಅಣ್ಣ, ಅಕ್ಕನ ಮಗ, ಬೆಳಗ್ಗೆ ಹೊತ್ತು ಮಾತ್ರ ಬರೋ ಅತ್ತಿಗೆ. ಹಾಗಾಗಿ ರಾತ್ರಿ ಹನ್ನೊಂದರ ಹೊತ್ತಿಗೆ ಗಸ್ತಿನ ಜೀಪು ಬಂದು ಒಂದು ಸಲ ಹಾರ್ನ್ ಮಾಡಿದರೆ ಶಟರ್ ಅರ್ಧ ಇಳಿಯುತ್ತೆ. ದೀಪ ಮಾತ್ರ ಆರಲ್ಲ. ಆ ಅರ್ಧ ಶಟರ್ ಕೆಳಗಿಂದ ಫ್ಲಾಸ್ಕು ಒಳಗೆ ಹೋಗುತ್ತೆ, ಬಿಸಿನೀರು ತುಂಬಿಕೊಂಡು ಹೊರಗೆ ಬರುತ್ತೆ. ಜೀಪಿನವರಿಗೂ ಇದು ಗೊತ್ತು. ಅವರ ಟೀ ಕೂಡ ಅದೇ ಶಟರ್ ಕೆಳಗಿಂದಲೇ ಬರೋದು.

ಜುಲೈಗೆ ಬರ್ತೀನಿ. ಆ ತಿಂಗಳು ನಿಮಗೂ ನೆನಪಿರಬೇಕು. ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ಸಣ್ಣಪುಟ್ಟ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಗಿತ್ತು. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಆಗಬೇಕು ಅನ್ನೋದು ನಿಯಮ. ಹಾಲು, ಬ್ರೆಡ್ಡಿಗೆ ತೆರಿಗೆ ಇಲ್ಲ, ಆದರೆ ಅಕೌಂಟಿಗೆ ಬಿದ್ದ ದುಡ್ಡಿನಲ್ಲಿ ಹಾಲಿನದ್ದು ಎಷ್ಟು, ಬಿಸ್ಕತ್ತಿನದ್ದು ಎಷ್ಟು ಅಂತ ಬರೆದಿರಲ್ವಲ್ಲ. ಒಂದೇ ವಾರದಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಗಾಡಿಗಳ ಮೇಲಿಂದ ಕ್ಯೂಆರ್ ಕೋಡು ಮಾಯವಾಯಿತು. ‘ನೋ ಯುಪಿಐ, ಕ್ಯಾಶ್ ಮಾತ್ರ.’ ಅಣ್ಣನಿಗೆ ನೋಟಿಸ್ ಬಂದಿರಲಿಲ್ಲ. ಆದರೂ ಸಿಗರೇಟ್ ಪ್ಯಾಕಿನ ರಟ್ಟಿನ ಹಿಂದೆ ಅದೇ ಸಾಲು ಬರೆದು ಕಟ್ಟಿಬಿಟ್ಟಿದ್ದರು. ‘ಹಣ ಬಂದಿದೆ’ ಅಂತ ಕೂಗೋ ಡಬ್ಬಿಯನ್ನ ಬಟ್ಟೆ ಸುತ್ತಿ ಮೇಲಿಟ್ಟಿದ್ದರು.

ನನ್ನ ಕಥೆ ಕೇಳಿ. ಅವತ್ತು ಆಫೀಸಿನಲ್ಲಿ ಏನೋ ಕೆಟ್ಟು ಹನ್ನೆರಡಾಯಿತು. ಊಟ ಇಲ್ಲ. ಎರಡು ಖಾರಾ ಬನ್ನು, ಒಂದು ಬಾಳೆಹಣ್ಣು, ಟೀ. ಬನ್ನು ಬಾಯಲ್ಲಿಟ್ಟುಕೊಂಡ ಮೇಲೆ ರಟ್ಟು ಕಣ್ಣಿಗೆ ಬಿತ್ತು. ನಾನು ಕೊನೆಯದಾಗಿ ಎಟಿಎಂಗೆ ಹೋಗಿದ್ದು ಯಾವಾಗ ಅಂತ ಯೋಚಿಸ್ತಾ ನಿಂತೆ. ಅಣ್ಣ ಮುಖ ನೋಡಿ, ‘ಅಡ್ಡಿಲ್ಲ, ನಾಳೆ ಕೊಡಿ’ ಅಂದರು. ಹೆಸರು ಕೇಳಲಿಲ್ಲ. ಉದ್ದದ ಲೆಕ್ಕದ ಪುಸ್ತಕ ತೆಗೆದು, ಬೆನ್ನ ಮೇಲಿನ ಬ್ಯಾಗನ್ನು ಒಂದು ಸಲ ನೋಡಿ, ‘ಲ್ಯಾಪ್‌ಟಾಪ್’ ಅಂತ ಬರೆದರು.

‘ಅಣ್ಣ, ನನ್ನ ಹೆಸರು...’

‘ಹೆಸರು ಬರೆದ್ರೆ ಮುಖ ನೆನಪಾಗೂದಿಲ್ಲ ಮಾರಾಯ್ರೆ.’

ತಿಂಗಳ ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದ ಮೇಲೆ ಎಲ್ಲಾ ಕಡೆ ಮೆಲ್ಲಗೆ ಕ್ಯೂಆರ್ ವಾಪಸ್ ಬಂತು. ಅಣ್ಣನ ಡಬ್ಬಿಯೂ ಬಟ್ಟೆಯಿಂದ ಹೊರಬಂತು. ಅಷ್ಟೊತ್ತಿಗೆ ನನಗೆ ಸಾಲದ ರುಚಿ ಹತ್ತಿತ್ತು. ಕ್ರೆಡಿಟ್ ಕಾರ್ಡ್ ಮೂರಿದ್ದರೂ ಈ ಪುಸ್ತಕದಲ್ಲಿ ಒಂದು ಪುಟ ಇರೋದರಲ್ಲಿ ಏನೋ ಒಂಥರಾ ಜಂಬ.

ಆ ಪುಸ್ತಕವನ್ನ ಒಂದೆರಡು ಸಲ ನಾನೇ ತಿರುವಿ ಹಾಕಿದ್ದೇನೆ. ಅಣ್ಣನಿಗೆ ಕನ್ನಡಕ ಬೇಕು, ಹಾಕಲ್ಲ. ಕೂಡೋ ಲೆಕ್ಕ ನನ್ನ ಕೈಯಲ್ಲಿ ಮಾಡಿಸ್ತಾರೆ. ಮೊಬೈಲ್ ತೆಗೆದರೆ ಬೈತಾರೆ, ‘ಇಂಜಿನಿಯರ್ ಅಂತೀರಿ, ಬಾಯಲ್ಲಿ ಕೂಡಿ’ ಅಂತ. ಒಂದೊಂದು ಪುಟಕ್ಕೂ ಒಂದೊಂದು ಹೆಸರು. ‘ಬಿಳಿ ಸ್ಕೂಟಿ’ ಅಂದರೆ ಎರಡನೇ ಪಾಳಿ ಮುಗಿಸಿ ಬರೋ ನರ್ಸ್ ಅಕ್ಕ. ಮಗಳಿಗೆ ಚಾಕೊಲೇಟು, ತನಗೆ ತಲೆನೋವಿನ ಮಾತ್ರೆ. ‘ಮಂಡ್ಯ ಇಟಿಯೋಸ್’ ಏರ್‌ಪೋರ್ಟ್ ಟ್ರಿಪ್ಪಿಗೆ ಮುಂಚೆ ಎರಡು ಟೀ ಕುಡಿಯೋ ಕ್ಯಾಬ್ ಡ್ರೈವರ್. ‘ಪಿಜಿ 3ನೇ ಮಹಡಿ’ ಅನ್ನೋ ಹುಡುಗಿ ಬಂದರೆ ಅಣ್ಣ ಏನು ಬೇಕು ಅಂತ ಕೇಳಲ್ಲ, ಪೇಪರಿನಲ್ಲಿ ಸುತ್ತಿ ಕೊಟ್ಟು ಬೇರೆ ಕಡೆ ನೋಡ್ತಾರೆ. ‘ಗೂರ್ಖಾ’ ಅಂತ ಬರೆದಿರೋ ಸೆಕ್ಯುರಿಟಿಯವನು ನಿಜಕ್ಕೂ ಅಸ್ಸಾಮಿನವನು. ಅವನೇ ಎಷ್ಟು ಸಲ ತಿದ್ದಿದರೂ ಅಣ್ಣ ಬದಲಾಯಿಸಿಲ್ಲ, ಅದೊಂದು ನನಗೆ ಸರಿ ಕಾಣಲ್ಲ. ಹೇಳಿದ್ದೀನಿ. ‘ಪುಸ್ತಕ ಮುಗೀಲಿ’ ಅಂದಿದ್ದಾರೆ.

ಈ ಜನ ಎಲ್ಲಾ ಒಬ್ಬರಿಗೊಬ್ಬರು ಪರಿಚಯ ಅಂತ ತಿಳ್ಕೋಬೇಡಿ. ಎದುರು ಬದುರು ಸಿಕ್ಕರೆ ನಗೋದೂ ಇಲ್ಲ. ಆದರೆ ಬಿಳಿ ಸ್ಕೂಟಿ ಎರಡು ದಿನ ಕಾಣದೆ ಇದ್ದಾಗ ಮಂಡ್ಯ ಇಟಿಯೋಸ್ ಕೇಳಿದ್ದನ್ನ ನಾನೇ ಕೇಳಿಸ್ಕೊಂಡಿದ್ದೀನಿ. ‘ಏನಣ್ಣ, ಅಕ್ಕ ಕಾಣ್ತಿಲ್ಲ?’ ‘ಡೆಂಗಿ ಅಂತೆ.’ ಅಷ್ಟೇ ಮಾತು. ಅವನು ಟೀ ಕುಡಿದು ಹೋದ.

ಈಗ ಹೇಳಬೇಕಾದ್ದು ನನ್ನ ಕೆಲಸದ ಬಗ್ಗೆ, ಅದನ್ನ ತುಂಬಾ ದಿನ ಅಣ್ಣನ ಹತ್ತಿರ ಹೇಳಿರಲಿಲ್ಲ. ‘ಸಾಫ್ಟ್‌ವೇರ್’ ಅಂದಿದ್ದೆ, ಅವರೂ ಹೆಚ್ಚು ಕೇಳಿರಲಿಲ್ಲ. ನಾನು ಕೆಲಸ ಮಾಡೋದು ಕೆಲವೇ ನಿಮಿಷದಲ್ಲಿ ಮನೆ ಬಾಗಿಲಿಗೆ ದಿನಸಿ ತರೋ ಒಂದು ಆ್ಯಪಿನಲ್ಲಿ. ಆರ್ಡರ್ ಮಾಡಿದಾಗ ‘11 ನಿಮಿಷ’ ಅಂತ ಒಂದು ಅಂಕಿ ಬರುತ್ತಲ್ಲ, ಆ ಅಂಕಿಯ ಹಿಂದೆ ಕೂತಿರೋ ಟೀಮಿನಲ್ಲಿ ನಾನೂ ಒಬ್ಬ. ಗೋಡೌನಿನಲ್ಲಿ ಸಾಮಾನು ಆರಿಸೋಕೆ ಎಷ್ಟು ಹೊತ್ತು, ಆ ಗಂಟೆಗೆ ಆ ರಸ್ತೆಯಲ್ಲಿ ಟ್ರಾಫಿಕ್ ಎಷ್ಟು, ಹಿಂದೆ ಇದೇ ದಾರಿಗೆ ಎಷ್ಟು ಹಿಡಿದಿತ್ತು, ಎಲ್ಲಾ ಕೂಡಿ ಕಳೆದು ಬರೋ ಅಂಕಿ. ನಮ್ಮ ಕಂಪನಿಯ ಒಂದು ಗೋಡೌನು ಅಣ್ಣನ ಅಂಗಡಿಯಿಂದ ಎರಡು ಬೀದಿ ಆಚೆಗೇ ಬಂದಿತ್ತು. ಅಲ್ಲಿಯ ಡೆಲಿವರಿ ಹುಡುಗರು ಆರ್ಡರ್ ಇಲ್ಲದಾಗ ಟೀಗೆ ಬರೋದು ಇಲ್ಲಿಗೇ. ನಾನು ಅವರ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಬನ್ನು ತಿಂತಾ, ನಾನು ಯಾರು ಅಂತ ಬಾಯಿ ಬಿಡದೆ ಎಷ್ಟೋ ರಾತ್ರಿ ಕಳೆದಿದ್ದೀನಿ.

ಆಗಸ್ಟಿನಲ್ಲಿ ಒಂದು ರಾತ್ರಿ ಜೋರು ಮಳೆ. ಹನ್ನೊಂದೂವರೆ ಆಗಿತ್ತು. ಅರ್ಧ ಶಟರ್ ಕೆಳಗೆ ನಾವು ನಾಲ್ಕೈದು ಜನ ಬಗ್ಗಿಕೊಂಡು ನಿಂತಿದ್ವಿ. ಬಿಳಿ ಪಂಚೆ ಮೊಣಕಾಲಿನವರೆಗೆ ಒದ್ದೆ ಮಾಡಿಕೊಂಡು, ತಲೆ ಮೇಲೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ಒಬ್ಬರು ಅಜ್ಜ ಬಂದರು. ಕೈಯಲ್ಲಿ ಬಟನ್ ಫೋನು.

‘ತಮ್ಮಾ, ಇಲ್ಲಿ ಯಾರರ ಡಬ್ಬಿ ಹುಡುಗ ಬಂದಿದ್ನೇನು? ನನ್ನ ಮೊಮ್ಮಗ ಊರಾಗಿಂದ ಫೋನಿನ್ಯಾಗ ಸಾಮಾನ ಹಚ್ಯಾನ. ಬಂದೈತಿ ಅಂತಾನ, ಬಂದಿಲ್ಲ.’

ಕೊಪ್ಪಳ ಜಿಲ್ಲೆ, ಕುಷ್ಟಗಿ ಕಡೆಯವರು. ಹೆಂಡತಿಗೆ ಚಿಕಿತ್ಸೆ ನಡೀತಿತ್ತು. ದೊಡ್ಡವರ ಡೈಪರ್ ಬೇಕಾಗಿತ್ತು, ಆ ಹೊತ್ತಿಗೆ ಎಲ್ಲಿ ಸಿಗುತ್ತೆ ಅಂತ ಅಜ್ಜನಿಗೆ ಗೊತ್ತಿಲ್ಲ. ಮೊಮ್ಮಗ ಕುಷ್ಟಗಿಯಲ್ಲಿ ಕೂತು ಬೆಂಗಳೂರಿನ ಆಸ್ಪತ್ರೆಗೆ ಆರ್ಡರ್ ಮಾಡಿದ್ದ. ಎಷ್ಟು ಜಾಣ ಹುಡುಗ ಅನ್ನಿಸ್ತು. ಆದರೆ ಸಾಮಾನು ಬಂದಿದ್ದು ಮುಂದಿನ ಗೇಟಿಗೆ, ರಾತ್ರಿ ಹೊತ್ತು ಆ ಗೇಟು ಮುಚ್ಚಿರುತ್ತೆ, ಜನ ಓಡಾಡೋದು ಹಿಂದಿನ ಗೇಟಿನಲ್ಲಿ. ಒಂದರಿಂದ ಇನ್ನೊಂದಕ್ಕೆ ನಡೆದರೆ ಐದು ನಿಮಿಷ, ಬೈಕಿನಲ್ಲಿ ಹೋದರೆ ಬ್ಯಾರಿಕೇಡ್ ಸುತ್ತಿ ಯು ಟರ್ನ್ ಹೊಡೆದು ಹದಿನೈದು. ಹುಡುಗ ಫೋನ್ ಮಾಡಿದ್ದು ಆರ್ಡರ್ ಮಾಡಿದ ಮೊಮ್ಮಗನಿಗೆ. ಮೊಮ್ಮಗನಿಗೆ ಗೇಟು ಗೊತ್ತಿಲ್ಲ. ಕೊನೆಗೆ ಆರ್ಡರ್ ಕ್ಯಾನ್ಸಲ್.

ಆ ಹುಡುಗ ನಮ್ಮ ಜೊತೆಗೇ ನಿಂತಿದ್ದ. ಸಿಂಧನೂರಿನವನು, ರೈನ್‌ಕೋಟಿನಿಂದ ನೀರು ತೊಟ್ಟಿಕ್ತಿತ್ತು. ‘ಅಜ್ಜಾರ, ನಾನs ಬಂದಿದ್ದೆ. ಮ್ಯಾಪಿನ್ಯಾಗ ಆ ಗೇಟs ತೋರಿಸ್ತೈತಿ. ದಿನಾ ಇದs ಗೋಳು. ಟೈಮ್ ಮೀರಿದ್ರ ನನ್ನ ಹೆಸರಿಗೆ ಬರ್ತೈತಿ’ ಅಂದ. ಸಾಮಾನು ಆಗಲೇ ವಾಪಸ್ ಕೊಟ್ಟು ಬಂದಿದ್ದ. ಅವನ ಮುಖದಲ್ಲಿ ಕೋಪಕ್ಕಿಂತ ನಾಚಿಕೆ ಇತ್ತು. ನಾಚಿಕೆ ಆಗಬೇಕಾಗಿದ್ದು ನನಗೆ. ಆ ಪಿನ್ನು ಅಲ್ಲಿ ನಿಲ್ಲೋ ಲೆಕ್ಕ ನಮ್ಮದು. ದೊಡ್ಡ ಆವರಣದ ಯಾವ ಮೂಲೆಯಿಂದ ಆರ್ಡರ್ ಮಾಡಿದರೂ ಮುಖ್ಯ ಗೇಟಿಗೆ ಕಳಿಸು ಅನ್ನೋ ಸಾಲು. ಹಗಲು ಹೊತ್ತು ಸರಿಯೇ. ರಾತ್ರಿ ಗೇಟು ಮುಚ್ಚುತ್ತೆ ಅನ್ನೋದು ನಮ್ಮ ಟೀಮಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾನು ದಿನಾ ಆ ಗೇಟಿನ ಮುಂದೆಯೇ ಮನೆಗೆ ಹೋಗ್ತಿದ್ದೆ. ನನಗೂ ಹೊಳೆದಿರಲಿಲ್ಲ.

ಅಣ್ಣ ಈ ಪಂಚಾಯಿತಿಗೆ ಕಿವಿ ಕೊಡದೆ ಒಳಗೆ ಹೋಗಿ, ಅಟ್ಟದ ಮೇಲಿಂದ ಡೈಪರ್ ಪ್ಯಾಕು ತೆಗೆದು, ಬಿಡಿಯಾಗಿ ನಾಲ್ಕು ಎಣಿಸಿ ಕೊಟ್ಟರು. ಇಂಥ ಅಂಗಡಿಗಳಲ್ಲಿ ಎಲ್ಲಾ ಬಿಡಿಯಾಗಿ ಸಿಗುತ್ತೆ, ಪೂರ್ತಿ ಪ್ಯಾಕು ತಗೊಳ್ಳೋ ದುಡ್ಡು ಎಲ್ಲರ ಹತ್ತಿರ ಇರಲ್ಲ. ಒಂದು ಫ್ಲಾಸ್ಕು, ಬಿಸಿನೀರು, ಬ್ರೆಡ್ಡು. ಅಜ್ಜ ಬನಿಯನ್ ಜೇಬಿನಿಂದ ಒದ್ದೆಯಾದ ನೋಟು ತೆಗೆದು ಎಣಿಸಿದರು. ಸಾಲಲಿಲ್ಲ.

‘ಉದ್ರಿ ಬರೀರಿ. ನಾ ಓಡಿ ಹೋಗಾಂವ ಅಲ್ಲ.’

‘ಓಡೂಕೆ ಮಳೆ ಬಿಟ್ರೆ ಅಲ್ದಾ ಅಜ್ಜ’ ಅಂದರು ಅಣ್ಣ. ಅಜ್ಜ ನಕ್ಕರು. ಆ ರಾತ್ರಿ ಪುಸ್ತಕದಲ್ಲಿ ‘ಕುಷ್ಟಗಿ ಅಜ್ಜ’ ಅಂತ ಒಂದು ಪುಟ ಶುರುವಾಯಿತು. ಸಿಂಧನೂರಿನ ಹುಡುಗ ತನ್ನ ಬೈಕಿನಲ್ಲೇ ಅಜ್ಜನನ್ನ ಹಿಂದಿನ ಗೇಟಿಗೆ ಬಿಟ್ಟು ಬಂದ. ಅದಕ್ಕೆ ಯಾವ ಆ್ಯಪೂ ಅವನಿಗೆ ದುಡ್ಡು ಕೊಡಲಿಲ್ಲ.

ಮಾರನೇ ದಿನ ಆಫೀಸಿನಲ್ಲಿ ಟಿಕೆಟ್ ಹಾಕಿದೆ. ರಾತ್ರಿ ಹೊತ್ತು ಯಾವ ಗೇಟು, ಯಾಕೆ, ಎಲ್ಲಾ ಬರೆದೆ. ಮಧ್ಯಾಹ್ನದೊಳಗೆ ಅದಕ್ಕೆ ‘ಕಡಿಮೆ ಆದ್ಯತೆ’ ಅಂತ ಬಿತ್ತು. ಒಂದು ಆವರಣ, ರಾತ್ರಿ ಮಾತ್ರ, ಇಷ್ಟೇ ಆರ್ಡರು. ಇದಕ್ಕಿಂತ ದೊಡ್ಡವು ನೂರಿವೆ. ಅವರ ಮಾತು ತಪ್ಪೂ ಅಲ್ಲ. ಬೇರೆಯವರ ಟಿಕೆಟ್ಟಿಗೆ ನಾನೇ ಎಷ್ಟೋ ಸಲ ಹಾಗೆ ಹಾಕಿದ್ದೀನಿ. ಆಮೇಲೆ ನಾನು, ನನ್ನ ಪಕ್ಕದ ಸೀಟಿನವಳು ಶನಿವಾರ ಕೂತು ನಮ್ಮ ಕಡೆಯ ಆಸ್ಪತ್ರೆಗಳ ಗೇಟನ್ನೆಲ್ಲ ಒಂದೊಂದಾಗಿ ನೋಡಿಕೊಂಡು ಬಂದು, ರಾತ್ರಿ ಪಿನ್ನು ಬೇರೆ ಇರೋ ಹಾಗೆ ಬದಲಾಯಿಸಿದ್ವಿ. ಅದು ಎಲ್ಲಾ ಪರೀಕ್ಷೆ ದಾಟಿ ಜನರ ಫೋನಿಗೆ ಬರೋಕೆ ಆರು ವಾರ ಹಿಡಿಯಿತು.

ಆ ಆರು ವಾರದಲ್ಲಿ ಅಜ್ಜ ಹೆಚ್ಚು ಕಡಿಮೆ ದಿನಾ ಬರ್ತಿದ್ದರು. ಹತ್ತೂವರೆಗೆ ಫ್ಲಾಸ್ಕು ತಗೊಂಡು ಬಂದು, ಕಲ್ಲಿನ ಮೇಲೆ ಕೂತು, ‘ಏನs ಲ್ಯಾಪ್‌ಟಾಪ್, ಊಟ ಆತೇನು?’ ಅಂತ ಕೇಳೋರು. ಅವರಿಗೂ ನನ್ನ ಹೆಸರು ಅದೇ. ತೊಗರಿ ರೇಟು, ಮಳೆ, ಮನಿಯಾಕಿ ಇವತ್ತು ಎರಡು ಚಮಚ ಗಂಜಿ ಕುಡಿದಳು, ಇಷ್ಟು ಅವರ ಮಾತು. ಸ್ವಲ್ಪ ಸ್ವಲ್ಪ ದುಡ್ಡು ಕೊಟ್ಟು ಹಳೇದು ತೀರಿಸಿ, ಮತ್ತೆ ಬರೆಸ್ತಿದ್ದರು. ಒಂದು ದಿನ ಟೋಪಿಗಳ ದಾರದ ಮುಂದೆ ನಿಂತು ತುಂಬಾ ಹೊತ್ತು ನೋಡಿದರು. ಹಸಿರು ಬಣ್ಣದ್ದೊಂದು ಆರಿಸಿದರು. ‘ಹಸರ ಅಂದ್ರ ಆಕೀಗೆ ಭಾಳ’ ಅಂದರು.

ಸೆಪ್ಟೆಂಬರ್ ಕೊನೆಗೆ ಬರೋದು ನಿಂತಿತು. ಡಿಸ್ಚಾರ್ಜ್ ಆಗಿ ಊರಿಗೆ ಹೋದರೋ, ಬೇರೆ ಏನಾದರೂ ಆಯಿತೋ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಗೆ ಹೋಗಿ ಕೇಳೋಣ ಅಂದರೆ ರೋಗಿಯ ಹೆಸರಿಲ್ಲ, ಅಜ್ಜನ ಹೆಸರೂ ಇಲ್ಲ. ಪುಸ್ತಕದಲ್ಲಿರೋದು ‘ಕುಷ್ಟಗಿ ಅಜ್ಜ’, ಎದುರಿಗೆ 412 ರೂಪಾಯಿ.

ಒಂದು ರಾತ್ರಿ ಅಂಗಡಿ ಖಾಲಿ ಇದ್ದಾಗ ಎರಡು ವಿಷಯ ಹೇಳಿಬಿಟ್ಟೆ. ನಾನು ಕೆಲಸ ಮಾಡೋದು ಆ ಆ್ಯಪಿನಲ್ಲಿ ಅನ್ನೋದು ಒಂದು. ಅಜ್ಜನ 412 ನಾನು ಕೊಡ್ತೀನಿ ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಅಣ್ಣ ತಲೆ ಕೆಡಿಸ್ಕೊಳ್ಳಲಿಲ್ಲ. ‘ಗೊತ್ತುಂಟು. ನಿಮ್ಮ ಬ್ಯಾಗಿನ ಮೇಲೆ ದೊಡ್ಡದಾಗಿ ಬರೆದಿದೆಯಲ್ಲ’ ಅಂದರು. ಹೌದು, ಕಂಪನಿ ಕೊಟ್ಟ ಬ್ಯಾಗೇ ಅದು. ಇಷ್ಟು ದಿನ ಬಚ್ಚಿಟ್ಟಿದ್ದೀನಿ ಅಂದುಕೊಂಡಿದ್ದು ನನ್ನ ಬೆನ್ನ ಮೇಲೇ ಇತ್ತು.

ಎರಡನೆಯದಕ್ಕೆ ಮಾತ್ರ ಮುಖ ಗಂಟಾಯಿತು. ‘ಅದು ಅವರ ಲೆಕ್ಕ. ನೀವು ಕೊಟ್ರೆ, ನಾಳೆ ಅವರು ದುಡ್ಡು ಹಿಡ್ಕೊಂಡು ಬಂದಾಗ ನಾನು ಎಂತ ಹೇಳೂದು?’

‘ಬರದೇ ಇದ್ರೆ?’

‘ಬರದೇ ಇದ್ರೆ ಇರ್ತದೆ.’

ಅಷ್ಟೊತ್ತಿಗೆ ಒಬ್ಬ ಹುಡುಗ ಶಟರ್ ಕೆಳಗೆ ತಲೆ ಹಾಕಿ ಬಿಸಿನೀರು ಕೇಳಿದ. ನಾನು ತೆಗೆದಿದ್ದ ಐನೂರರ ನೋಟನ್ನ ವಾಪಸ್ ಜೇಬಿಗಿಟ್ಟುಕೊಂಡೆ. ಜುಲೈ ಆದ ಮೇಲೆ ಐನೂರು ನಗದು ಇಟ್ಟುಕೊಳ್ಳೋ ಅಭ್ಯಾಸ ಆಗಿತ್ತು.

ಅಂಗಡಿ ಚೆನ್ನಾಗಿ ನಡೀತಿದೆ ಅಂತ ಹೇಳೋ ಹಾಗಿಲ್ಲ. ಮೊದಲು ಪಿಜಿ ಹುಡುಗರು ರಾತ್ರಿ ನೂಡಲ್ಸ್, ಚಿಪ್ಸ್‌ಗೆ ಇಳಿದು ಬರ್ತಿದ್ದರು, ಈಗ ಬಾಗಿಲಿಗೇ ತರಿಸ್ಕೊಳ್ತಾರೆ. ನಾನೂ ತರಿಸ್ಕೊಳ್ಳಲ್ಲ ಅಂತ ಸುಳ್ಳು ಹೇಳಲ್ಲ. ಸಿಬ್ಬಂದಿಗೆ ರಿಯಾಯಿತಿ ಬೇರೆ ಇದೆ. ಅಣ್ಣನ ಅಕ್ಕನ ಮಗ ಅಕ್ಟೋಬರ್‌ನಲ್ಲಿ ಅಂಗಡಿ ಬಿಟ್ಟು ನಮ್ಮ ಕಂಪನಿಯ ಗೋಡೌನಿಗೇ ಸೇರಿದ, ಸಾಮಾನು ಆರಿಸೋ ಕೆಲಸಕ್ಕೆ. ತಿಂಗಳಿಗೆ ಸರಿಯಾಗಿ ಸಂಬಳ, ಪಿಎಫ್ಫು. ಅಣ್ಣನೇ ಹೋಗು ಅಂದರಂತೆ. ಮೆಟ್ರೋ ಶುರುವಾದರೆ ಬಾಡಿಗೆ ಏರಿಸ್ತೀನಿ ಅಂತ ಕಟ್ಟಡದ ಓನರ್ ಈಗಲೇ ಹೇಳಿಟ್ಟಿದ್ದಾರೆ. ಎರಡೂವರೆ ಜನರಿದ್ದ ಅಂಗಡಿಯಲ್ಲಿ ಈಗ ಒಂದೂವರೆ ಜನ. ಆದರೂ ಬಿಡಿ ಡೈಪರ್ರು, ಬಿಸಿನೀರು, ಸಾಲ ಈ ಮೂರೂ ಯಾವ ಆ್ಯಪಿನಲ್ಲೂ ಸಿಗಲ್ಲ. ಅದರ ಮೇಲೆ ಅಂಗಡಿ ಎಷ್ಟು ದಿನ ನಿಲ್ಲುತ್ತೆ ಅಂತ ನಾನು ಯಾವ ಲೆಕ್ಕ ಹಾಕಿದರೂ ಒಳ್ಳೆ ಅಂಕಿ ಬರ್ತಿಲ್ಲ.

ದೀಪಾವಳಿಗೆ ಅಂಗಡಿ ಪೂಜೆ. ಬೈಂದೂರಿನ ಕಡೆಯವರು ಎಲ್ಲಿದ್ದರೂ ಇದನ್ನ ಬಿಡಲ್ಲ. ಮಾಲೆ, ಬಾಳೆಕಂಬ, ಟೀ ಒಲೆಗೂ ಕುಂಕುಮ. ನಾನು ಊರಿಗೆ ಹೋಗಿ ಅವತ್ತೇ ಸಂಜೆ ವಾಪಸ್ ಬಂದಿದ್ದೆ, ಅಮ್ಮ ಕೊಟ್ಟ ಕಜ್ಜಾಯದ ಡಬ್ಬಿ ಜೊತೆಗಿತ್ತು. ಜನ ಕರಗಿದ ಮೇಲೆ ಅಣ್ಣ ಹೊಸ ಪುಸ್ತಕ ತೆಗೆದರು. ಮೊದಲ ಪುಟಕ್ಕೆ ಅರಿಶಿನ ಹಚ್ಚಿ, ‘ಶ್ರೀ’ ಬರೆದು, ಹಳೇದನ್ನ ನನ್ನ ಕೈಗೆ ಕೊಟ್ಟರು. ನಾನು ಓದಬೇಕು, ಅವರು ಬರೀಬೇಕು.

‘ಬಿಳಿ ಸ್ಕೂಟಿ, 86.’

ಬರೆದರು.

‘ಮಂಡ್ಯ ಇಟಿಯೋಸ್, 140.’

‘ನಿನ್ನೆ ಕೊಟ್ಟಿದ್ದಾನೆ. ಹೊಡಿ.’

‘ಗೂರ್ಖಾ, 55.’ ನಾನು ಅವರ ಮುಖ ನೋಡಿದೆ. ಅಣ್ಣ ಪೆನ್ನು ಎತ್ತಿ ಒಂದು ಕ್ಷಣ ಯೋಚಿಸಿ ‘ಅಸ್ಸಾಂ’ ಅಂತ ಬರೆದರು.

ಪುಟ ತಿರುಗಿಸಿದೆ. ‘ಕುಷ್ಟಗಿ ಅಜ್ಜ.’

‘ಎಷ್ಟು?’

‘412.’

ಅಣ್ಣ ಅದನ್ನೂ ಬರೆದರು. ಒಂದು ಇಡೀ ಪುಟ ಬಿಟ್ಟು ಬರೆದರು, ಕೆಳಗೆ ಇನ್ನೂ ಬರೆಯೋಕೆ ಜಾಗ ಇರೋ ಹಾಗೆ.

‘ಮುಂದೆ?’

‘ಲ್ಯಾಪ್‌ಟಾಪ್, 27.’

‘ಕೊಡ್ತೀರಾ ಈಗ?’

ಜೇಬಿನಲ್ಲಿ ದುಡ್ಡಿತ್ತು. ‘ಬರೀರಿ ಅಣ್ಣ’ ಅಂದೆ. ಕಜ್ಜಾಯದ ಡಬ್ಬಿ ಮುಚ್ಚಳ ತೆಗೆದು ಅವರ ಕಡೆ ತಳ್ಳಿದೆ. ಹೊರಗೆ ಯಾರೋ ಪಟಾಕಿ ಹಚ್ಚಿದರು, ಅದರ ಹಿಂದೆಯೇ ಶಟರ್ ಕೆಳಗಿಂದ ಒಂದು ಫ್ಲಾಸ್ಕು ಒಳಗೆ ಬಂತು.